ಸೇವೆಯಲ್ಲಿರುವಾಗ ಸಾಯುವ ಸೌಲಭ್ಯ

ಸರ್ಕಾರಿ ನೌಕರನಿಗೆ ಸಾಯುವುದಕ್ಕೂ ಒಂದು ತಕ್ಕ ಸಮಯವಿದೆ. ಇದು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿರುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ವ್ಯಾಪಾರಿ ಯಾವಾಗ ಬೇಕಾದರೂ ಸಾಯಬಹುದು, ಅಂಗಡಿ ಮಗನಿಗೆ ಹೋಗುತ್ತದೆ. ವಕೀಲ ಸತ್ತರೆ ಕಕ್ಷಿದಾರ ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಾನೆ, ಕೇಸಿನ ದಿನಾಂಕ ಮುಂದೆ ಹೋಗುತ್ತದೆ, ಮುಗಿಯಿತು. ನಮ್ಮಂಥವರ ಮಾತು ಹಾಗಲ್ಲ. ನಿವೃತ್ತಿಗೆ ಮುಂಚೆ ಸತ್ತರೆ ಮನೆಯಲ್ಲಿ ಒಬ್ಬರಿಗೆ ಅನುಕಂಪದ ಆಧಾರದ ಮೇಲೆ ನೌಕರಿ. ನಿವೃತ್ತಿಯಾದ ಮಾರನೆಯ ದಿನ ಸತ್ತರೆ ಬರೀ ಅನುಕಂಪ. ವಿದ್ಯಾರ್ಥಿಗಳಿಗೆ ಸರ್ಕಾರಿ ಸೇವೆ, ಆಡಳಿತ, ಕಾನೂನು ಇವುಗಳಲ್ಲಿರುವ ಅವಕಾಶಗಳ ಬಗ್ಗೆ ಊರೂರಿಗೆ ಹೋಗಿ ಭಾಷಣ ಮಾಡುತ್ತ ಬಂದವನು ನಾನು. ಆದರೆ ಸರ್ಕಾರಿ ಸೇವೆಗೆ ಇರುವ ಈ ಹಿಂದಿನ ಬಾಗಿಲಿನ ಬಗ್ಗೆ ಯಾವ ವೇದಿಕೆಯ ಮೇಲೂ ನಾನಾಗಿ ಹೇಳಿದವನಲ್ಲ. ಹೇಳಿಸಿದವಳು ಒಬ್ಬ ಹುಡುಗಿ. ಆ ಕಥೆ ಹೇಳುವ ಮೊದಲು ನನ್ನ ಉದ್ಯೋಗದ ಬಗ್ಗೆ ಸ್ವಲ್ಪ ಹೇಳಬೇಕು.

ನಾನು ಗದಗದ ಒಂದು ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಜೀವ ಸವೆಸಿದವನು. ಮನೆ ಬೆಟಗೇರಿಯಲ್ಲಿ. ಇತರ ನೌಕರರ ರಜೆ, ಬಡ್ತಿ, ವರ್ಗ, ಸಾವು ಇವೆಲ್ಲ ನನ್ನ ಮೇಜಿನ ಮೇಲೆ ಹಾದು ಹೋಗುತ್ತಿದ್ದವು. ಸತ್ತವರ ಮನೆಯವರು ಕಚೇರಿಗೆ ಬಂದರೆ ಮೊದಲು ಕೂಡುತ್ತಿದ್ದುದು ನನ್ನ ಎದುರಿನ ಬೆಂಚಿನ ಮೇಲೆ. ಅಳುವವರಿಗೆ ಮೊದಲು ನೀರು ಕೊಡಬೇಕು, ಅಳು ನಿಂತ ಮೇಲೆ ಯಾವ ಯಾವ ದಾಖಲೆ ತರಬೇಕೆಂದು ಹೇಳಬೇಕು. ಹೊಸದರಲ್ಲಿ ನಾನು ಮೊದಲು ದಾಖಲೆ ಹೇಳಿ ಆಮೇಲೆ ನೀರು ಕೊಡುತ್ತಿದ್ದೆ. ಒಬ್ಬ ಮುದುಕಿ ಆ ನೀರನ್ನೇ ನನ್ನ ಮುಖಕ್ಕೆ ಎರಚಿದ ಮೇಲೆ ಕ್ರಮ ಬದಲಿಸಿದೆ. ನನ್ನ ಪಕ್ಕದ ಮೇಜಿನ ನದಾಫ ಆವತ್ತು ಟವೆಲ್ಲು ಕೊಡುತ್ತ, "ಸಾಹೇಬ್ರ, ನಿಯಮದಾಗ ನೀರಿನ ಬಗ್ಗೆ ಏನೂ ಬರದಿಲ್ಲ ನೋಡ್ರಿ, ಅದಕ್ಕ ನಿಮಗ ತಿಳೀಲಿಲ್ಲ" ಅಂದಿದ್ದ. ನದಾಫನ ನಾಲಿಗೆ ಹಾಗೆಯೇ. ಆದರೆ ಆ ಮುದುಕಿಯನ್ನು ಬಸ್‌ಸ್ಟ್ಯಾಂಡಿನವರೆಗೆ ಸೈಕಲ್ ಮೋಟಾರಿನ ಮೇಲೆ ಕೂಡಿಸಿಕೊಂಡು ಹೋಗಿ ಬಿಟ್ಟು ಬಂದವನೂ ಅವನೇ.

ನಮ್ಮ ಕಡೆ ಸಾವಾದ ಮನೆಗೆ ಹೋಗಿ ಮಾತಾಡಿಸಿ ಬರುವ ಪದ್ಧತಿಯಿದೆ. ಹೋಗಬೇಕು, ಜಮಖಾನದ ಮೇಲೆ ಕೂಡಬೇಕು, ಸ್ವಲ್ಪ ಹೊತ್ತು ನೆಲ ನೋಡಬೇಕು, ಆಮೇಲೆ "ಹೆಂಗಾತ್ರಿ?" ಅಂತ ಕೇಳಬೇಕು. ಮನೆಯವರು ಮೊದಲಿನಿಂದ ಕೊನೆಯತನಕ ಹೇಳುತ್ತಾರೆ. ಇನ್ನೊಬ್ಬರು ಬಂದರೆ ಮತ್ತೆ ಮೊದಲಿನಿಂದ. ಸತ್ತವನು ಸರ್ಕಾರಿ ನೌಕರನಾಗಿದ್ದರೆ ಮಾತ್ರ ಎರಡನೆಯ ಪ್ರಶ್ನೆಯೊಂದಿದೆ. ಅದನ್ನು ಧ್ವನಿ ಇಳಿಸಿ ಕೇಳುತ್ತಾರೆ: "ಸರ್ವಿಸ್ ಎಷ್ಟು ಉಳದಿತ್ರಿ?" ಉಳಿದಿತ್ತು ಎಂದು ಗೊತ್ತಾದರೆ ಕೂತವರೆಲ್ಲ ಒಮ್ಮೆಲೇ ಉಸಿರು ಬಿಡುತ್ತಾರೆ. "ಹಂಗಾರ ದೇವರು ಕಣ್ಣು ತೆರದಾನ ಬಿಡ್ರಿ" ಅನ್ನುತ್ತಾರೆ. ದೇವರು ಕಣ್ಣು ಮುಚ್ಚಿಸಿದ್ದು ಅವರಿಗೆ ಆಗ ನೆನಪಿರುವುದಿಲ್ಲ. ನಾನೂ ಅಂಥ ಎಷ್ಟೋ ಜಮಖಾನಗಳ ಮೇಲೆ ಕೂತು ಹಾಗೇ ಉಸಿರು ಬಿಟ್ಟಿದ್ದೇನೆ.

ಇಬ್ಬರ ಸಾವನ್ನು ಮಾತ್ರ ನಾನು ಮರೆತಿಲ್ಲ. ಒಬ್ಬ ಹಿರೇಹಂದಿಗೋಳದ ಈರಪ್ಪ. ನಮ್ಮ ಶಾಖೆಯವನೇ. ತಡವಾಗಿ ಬರುತ್ತಿದ್ದ, ಬಂದವನು ಚಹಾಕ್ಕೆ ಹೋಗುತ್ತಿದ್ದ, ಊಟದ ನಂತರ ಕಡತಗಳ ಹಿಂದೆ ಗೊರಕೆ ಹೊಡೆಯುತ್ತಿದ್ದ. ಅವನು ಬದುಕಿದ್ದಾಗ ಅವನನ್ನು ಹೊಗಳಿದವರಿಲ್ಲ. ಒಂದು ದಿನ ಕಚೇರಿಯ ಮುಂದಿನ ಗಾಡಿಯಲ್ಲಿ ಗಿರ್ಮಿಟ್ ತಿಂದು, ಮಿರ್ಚಿಗೆ ಕೈಹಾಕಿದವನು ಹಾಗೇ ಕುಸಿದ. ಸರ್ವಿಸ್ ಇನ್ನೂ ಬೇಕಾದಷ್ಟಿತ್ತು. ಮಗನಿಗೆ ನೌಕರಿಯಾಯಿತು. ಈಗ ಆ ಹುಡುಗ ಅಪ್ಪನ ಕುರ್ಚಿಯ ಮೇಲೆ, ಅಪ್ಪನ ದಿಂಬಿನ ಮೇಲೆಯೇ ಕೂಡುತ್ತಾನೆ, ಚಲೋ ಕೆಲಸ ಮಾಡುತ್ತಾನೆ. ಊರೆಲ್ಲ ಈರಪ್ಪನನ್ನು ಪುಣ್ಯಾತ್ಮ ಅನ್ನುತ್ತದೆ. ಇನ್ನೊಬ್ಬ ಡಂಬಳದ ಶಂಕ್ರಪ್ಪ. ಗಡಿಯಾರ ನೋಡಿ ಬರುತ್ತಿದ್ದವನು, ಯಾರ ಕೆಲಸವನ್ನೂ ನಾಳೆಗೆ ಇಟ್ಟವನಲ್ಲ. ನಿವೃತ್ತನಾಗಿ ಹೆಚ್ಚು ದಿನ ಆಗಿರಲಿಲ್ಲ, ಡಂಬಳದ ಕೆರೆಯ ಮೇಲೆ ಬೆಳಗಿನ ವಾಕಿಂಗ್ ಹೋದವನು ದಂಡೆಯ ಮೇಲೆಯೇ ಬಿದ್ದು ತಿರುಗಿ ಬರಲಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು, ಇಬ್ಬರಿಗೂ ಕೆಲಸವಿಲ್ಲ. ನಾವು ಮಾತಾಡಿಸಲು ಹೋದಾಗ ಅವನ ಅಣ್ಣ ತಲೆ ಹಿಡಿದುಕೊಂಡು ಕೂತಿದ್ದ. "ಎಲ್ಲಾ ಕೆಲಸಾನೂ ವ್ಯಾಳ್ಯಾಕ್ಕ ಸರಿಯಾಗಿ ಮಾಡಾಂವ್ರಿ ನಮ್ಮ ತಮ್ಮ. ಇದೊಂದು ತಡಾ ಮಾಡಿದ" ಅಂದ. ಯಾರೂ ನಗಲಿಲ್ಲ. ನನಗಂತೂ ಅದು ಒಳ್ಳೆಯ ಮಾತೆಂದೇ ಅನಿಸಿತು. ಆಗ ಹಾಗೆ ಅನಿಸಿದ್ದೇ ನನ್ನ ಕಾಯಿಲೆಯ ಮೊದಲ ಲಕ್ಷಣ ಇರಬೇಕು.

ನನಗಿರುವುದು ಒಬ್ಬಳೇ ಮಗಳು, ಸುಮಂಗಲಾ. ಬಿ.ಕಾಂ. ಮಾಡಿ ಪರೀಕ್ಷೆ ಬರೆದು ಎಲ್ಲಿಯಾದರೂ ಗುಮಾಸ್ತಳಾಗಲಿ ಎಂದು ನಾನು ಹಟ ಹಿಡಿದೆ. ಅವಳು ನನಗಿಂತ ಗಟ್ಟಿ ಹಟ ಹಿಡಿದು ಕಾನೂನು ಓದಿದಳು. ಈಗ ಲಕ್ಷ್ಮೇಶ್ವರದ ಕೋರ್ಟಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಇದ್ದಾಳೆ. ದಿನಾ ಬೆಳಿಗ್ಗೆ ಕರಿ ಕೋಟನ್ನು ಧೂಳಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಾಳೆ, ಸಂಜೆ ಆ ಕೋಟಿಗೂ ತನಗೂ ಸಮನಾಗಿ ಧೂಳು ಮೆತ್ತಿಸಿಕೊಂಡು ಬರುತ್ತಾಳೆ. ಅಲ್ಲಿ ಏನು ಮಾಡ್ತೀ ಅಂದರೆ, "ಸರ್ ಬಂದಿಲ್ಲ ಅಂತ ಹೇಳಿ ಮುಂದಿನ ದಿನಾಂಕ ಕೇಳ್ತೇನಿ" ಅನ್ನುತ್ತಾಳೆ. ಸಂಬಳ? ಕಲಿಯುವವರು ಅದನ್ನೆಲ್ಲ ಕೇಳಬಾರದಂತೆ. ಹೀಗಾಗಿ ಅವಳ ಕೈಯಿಂದ ಸರ್ಕಾರಿ ಪರೀಕ್ಷೆಗಳನ್ನೂ ಬರೆಸಿದೆ. ಒಂದು ಪರೀಕ್ಷೆ ಮುಂದೆ ಹೋಯಿತು. ಒಂದರ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮುಂಚೆಯೇ ಹೊರಗೆ ಬಂತು. ಒಂದಕ್ಕೆ ತಡೆಯಾಜ್ಞೆ ಬಂತು. ಇನ್ನೊಂದನ್ನು ಬರೆದು ಬಂದ ಮೇಲೆ ಮತ್ತೆ ಬರೆಯಿರಿ ಎಂದರು. ನನ್ನ ಮಗಳು ಯಾವ ಪರೀಕ್ಷೆಯಲ್ಲೂ ಫೇಲಾಗಲಿಲ್ಲ, ಪರೀಕ್ಷೆಗಳೇ ಫೇಲಾದವು. ಕೊನೆಗೆ ಅವಳು, "ಅಪ್ಪಾ, ನನಗ ನೌಕರಿ ಬ್ಯಾಡ. ನನಗ ಕೋರ್ಟ್ ಬೇಕು. ಇನ್ನೊಂದೀಟು ವರ್ಷ ತಡಕೋ" ಅಂದಳು. ತಡೆದುಕೊಳ್ಳುವುದು ಸರಿ. ನನ್ನ ನಿವೃತ್ತಿ ಮುಂದಿನ ಮೇ ತಿಂಗಳ ಕೊನೆಗೆ ಇತ್ತು. ಆಮೇಲೆ ತಡೆದುಕೊಳ್ಳುವುದು ಯಾರ ಜೀವದ ಮೇಲೆ?

ಅಷ್ಟರಲ್ಲಿ ನನ್ನ ಎದೆ ತನ್ನ ಅಭಿಪ್ರಾಯ ಹೇಳಿತು. ಒಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವಾಗ ಯಾರೋ ಎದೆಯ ಮೇಲೆ ಶೇಂಗಾ ಚೀಲ ಇಟ್ಟಂತಾಯಿತು. ನದಾಫ ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ರಕ್ತನಾಳ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕಬೇಕು, ತಡ ಮಾಡಬಾರದು ಎಂದರು. ನಾನು, "ಮೇ ಕಳದ ಮ್ಯಾಲ ಹಾಕಿಸಿಕೊಂಡ್ರ ನಡೀತೈತೇನ್ರಿ?" ಅಂದೆ. ಡಾಕ್ಟರು ನನ್ನ ಮುಖ ನೋಡಿ, "ಅದನ್ನ ನನಗ ಕೇಳಬ್ಯಾಡ್ರಿ, ನಿಮ್ಮ ಎದೀಗೆ ಕೇಳ್ರಿ" ಅಂದರು. ಮನೆಗೆ ಬಂದು ಹೆಂಡತಿ ಗಿರಿಜಾಳಿಗೂ ಮಗಳಿಗೂ, ಆಪರೇಷನ್ ಸಣ್ಣದು, ಅವಸರವಿಲ್ಲ, ಮಾರ್ಚ್ ಲೆಕ್ಕ ಮುಗಿಯಬೇಕು, ನಿವೃತ್ತಿಯಾದ ಮೇಲೆ ಆರಾಮಾಗಿ ಮಾಡಿಸೋಣ ಎಂದೆ. ನಂಬಿದರು. ಸರ್ಕಾರಿ ನೌಕರನ ಮನೆಯಲ್ಲಿ ಮಾರ್ಚ್ ಅಂದರೆ ಯಾರೂ ಎದುರು ಮಾತಾಡುವುದಿಲ್ಲ.

ಖರೆ ಏನೆಂದರೆ, ಡಾಕ್ಟರು ತಡ ಮಾಡಬಾರದು ಅಂದ ಕೂಡಲೇ ನನ್ನ ತಲೆಯಲ್ಲಿ ನಿಯಮಗಳ ಪುಸ್ತಕ ತೆರೆದುಕೊಂಡಿತ್ತು. ಮೇ ಒಳಗೆ ಹೋದರೆ ಸುಮಂಗಲಾಳಿಗೆ ನೌಕರಿ. ವಯಸ್ಸು ಸರಿಯಿದೆ, ಪದವಿ ಇದೆ, ಮನೆಯಲ್ಲಿ ಬೇರೆ ದುಡಿಯುವವರಿಲ್ಲ. ಇಷ್ಟು ಚೊಕ್ಕ ಪ್ರಕರಣ ನನ್ನ ಮೇಜಿಗೆ ಬೇರೆ ಯಾರದೂ ಬಂದಿರಲಿಲ್ಲ. ಹಾಗೆಂದು ನಾನು ಬಾವಿ ಹುಡುಕುವ ಜಾತಿಯವನಲ್ಲ, ಇಂಜೆಕ್ಷನ್ ಸೂಜಿ ಕಂಡರೆ ಕಣ್ಣು ಮುಚ್ಚುವವನು. ಗಿರಿಜಾ ಎದುರು ನಿಂತು ಕೊಡುವ ಗುಳಿಗೆಗಳನ್ನೂ ನುಂಗುತ್ತಿದ್ದೆ. ಆದರೆ ಒಂದು ಕಡತವನ್ನು ಹೂಂ ಅನ್ನದೆ, ಊಹೂಂ ಅನ್ನದೆ 'ಪರಿಶೀಲನೆಯಲ್ಲಿದೆ' ಎಂದು ಬರೆದು ಬದಿಗೆ ಇಡುವುದು ನಮಗೆ ಕೈಗೆ ಹತ್ತಿದ ವಿದ್ಯೆ. ನನ್ನ ಎದೆಯನ್ನೂ ಹಾಗೇ ಬದಿಗೆ ಇಟ್ಟೆ. ಆಗುವುದಿದ್ದರೆ ಮೇ ಒಳಗೆ ಆಗಲಿ, ಆಗದಿದ್ದರೆ ಜೂನಿನಲ್ಲಿ ಸ್ಟೆಂಟ್. ಇಷ್ಟು ಯೋಚನೆ ಮಾಡಿ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ, ಅದೂ ಮೆತ್ತಗೆ, ಎದೆಗೆ ಪೆಟ್ಟಾಗದ ಹಾಗೆ.

ಸಂಕ್ರಾಂತಿಗೆ ಶಿರಹಟ್ಟಿಯಿಂದ ಗಿರಿಜಾಳ ತಮ್ಮ ವೀರಭದ್ರ ಬಂದ. ಕಾಳಿನ ವ್ಯಾಪಾರಿ, ಯಾವುದನ್ನು ನೋಡಿದರೂ ಇಂದಿನ ದರ, ನಾಳೆಯ ದರ ಎಂದು ನೋಡುವವನು. ಸಜ್ಜೆ ರೊಟ್ಟಿ, ಮಾದಲಿ ತಿನ್ನುತ್ತ, ನಾನು ಎರಡು ಮಾತಾಡಿ ಏದುಸಿರು ಬಿಡುವುದನ್ನು ನೋಡಿದ. "ಮಾಮಾ, ರಿಟೈರ್ ಯಾವಾಗ?" ಅಂದ. "ಮೇ" ಅಂದೆ. ಅವನು ನನ್ನ ಎದೆಯ ಮೇಲೆ ಕಣ್ಣಿಟ್ಟು, ಬೆರಳು ಮಡಚಿ, "ಹೂಂ, ಆದ್ರೂ ಆಗಬಹುದು" ಅಂದ. ಏನು ಆಗಬಹುದು ಎಂದು ಯಾರೂ ಕೇಳಲಿಲ್ಲ. ಗಿರಿಜಾ ತಾಟಿನ ಮೇಲೆ ಸೌಟು ಕುಕ್ಕಿ, "ಏ ವೀರಾ, ಬಾಯಿ ಮುಚ್ಚಿ ಉಣ್ಣು" ಅಂದಳು. ಬಾಯಿ ಮುಚ್ಚಿ ಉಣ್ಣುವುದು ಹೇಗೆಂದು ಅವನು ಕೇಳುವವನಿದ್ದ, ಅಕ್ಕನ ಮುಖ ನೋಡಿ ಮಾದಲಿಗೆ ಕೈಹಾಕಿದ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ನನ್ನ ಲೆಕ್ಕವೇ ಇನ್ನೊಬ್ಬನ ತಲೆಯಲ್ಲೂ ಇದೆಯಲ್ಲ ಎಂದು ಸಮಾಧಾನವೇ ಆಯಿತು. ನನ್ನ ಬುದ್ಧಿ ಎಲ್ಲಿಗೆ ಬಂದಿತ್ತು ನೋಡಿ.

ಮುಂಡರಗಿಯ ಒಂದು ಕಾಲೇಜಿನವರು ವರ್ಷಕ್ಕೊಮ್ಮೆ ನನ್ನನ್ನು ಭಾಷಣಕ್ಕೆ ಕರೆಯುತ್ತಿದ್ದರು. ವಿಷಯ ಪ್ರತಿ ವರ್ಷವೂ ಒಂದೇ, ಸರ್ಕಾರಿ ಸೇವೆಯಲ್ಲಿ ಮತ್ತು ಕಾನೂನಿನಲ್ಲಿ ಇರುವ ಅವಕಾಶಗಳು. ನನ್ನ ಭಾಷಣವೂ ಒಂದೇ, ಕೊನೆಗೆ ಕೊಡುವ ಶಾಲು ಮಾತ್ರ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿತ್ತು. ಆ ವರ್ಷ ಕಾನೂನಿನ ಬಗ್ಗೆ ಸುಮಂಗಲಾಳೇ ಮಾತಾಡಲಿ ಎಂದರು. ಅಪ್ಪ ಮಗಳು ಕೂಡಿ ಡಂಬಳದ ಮೇಲೆ ಹೋಗುವ ಬಸ್ಸು ಹತ್ತಿದೆವು. ನಾನು ಎಂದಿನಂತೆ ಪರೀಕ್ಷೆಗಳು, ಹುದ್ದೆಗಳು, ಶ್ರದ್ಧೆ, ದಿನಪತ್ರಿಕೆ ಓದು ಎಂದು ಹೇಳಿ ಮುಗಿಸಿದೆ. ಹುಡುಗರು ಆಕಳಿಸಿದರು. ಅವಳು ಎದ್ದು ನಿಂತು, "ವಕೀಲಕಿ ಅಂದ್ರ ಮೊದಲನೇ ವರ್ಷ ಬಸ್ಸಿನ ರೊಕ್ಕ ಮನೀಂದ ತರಬೇಕು. ಎರಡನೇ ವರ್ಷನೂ ಮನೀಂದನ" ಅಂದಳು. ಹುಡುಗರು ನಕ್ಕರು. "ಆದ್ರ ಒಬ್ಬ ಮನಶ್ಯಾನ ಪರವಾಗಿ ಮಾತಾಡಾಕ ಯಾರೂ ಇಲ್ಲದಾಗ, ನಾ ಅದೀನಿ ಅಂತ ಎದ್ದು ನಿಂದ್ರೋ ಕೆಲಸ ಇದು. ಅದೊಂದ ಸಲುವಾಗಿ ನಾ ದಿನಾ ಬಸ್ಸು ಹತ್ತತೇನಿ" ಅಂದಳು. ಆಗ ಯಾರೂ ನಗಲಿಲ್ಲ. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಪ್ರಶ್ನೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಡಂಬಳದವಳು, ಕವಿತಾ ಎಂದು ಹೆಸರು ಹೇಳಿದಳು. "ಸರ್, ಅನುಕಂಪದ ನೌಕರಿ ಬಗ್ಗೆ ಹೇಳ್ರಿ" ಅಂದಳು. ಸಭೆಯಲ್ಲಿ ಗುಸುಗುಸು, ಕಿಸಿಕಿಸಿ. ಆದರೆ ನನಗೆ ಬೇರೆ ಪರೀಕ್ಷೆಗಳ ಬಗ್ಗೆ ಮಾತಾಡಿ ಬೇಸರ ಬಂದಿತ್ತು. ಇದು ನನ್ನ ಸ್ವಂತ ಹೊಲ. ಎದ್ದು ನಿಂತು ಉಳುಮೆ ಶುರುಮಾಡಿದೆ. ಯಾರು ಅರ್ಹರು, ಯಾರು ಅನರ್ಹರು, ವರ್ಷದೊಳಗೆ ಅರ್ಜಿ ಹಾಕಬೇಕು, ಇಲ್ಲವಾದರೆ ಹಕ್ಕು ಹೋಗುತ್ತದೆ. ಸೇವೆಯಲ್ಲಿರುವಾಗ ಅಂದರೆ ನಿವೃತ್ತಿಯ ತಿಂಗಳ ಕೊನೆಯ ದಿನವೂ ಸೇರುತ್ತದೆ, ಕಚೇರಿ ಮುಚ್ಚಿದರೂ ಅವಕಾಶ ಮುಚ್ಚುವುದಿಲ್ಲ. ಯಾವ ಕಾಯಿಲೆ ಎಂಬುದು ಮುಖ್ಯವಲ್ಲ, ಎದೆನೋವಾದರೆ ಮಾತ್ರ ದಾಖಲೆಗಳು ಜಲ್ದಿ ಸಿಗುತ್ತವೆ, ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿ ಮನೆಯವರನ್ನು ಗೋಳುಹೊಯ್ದುಕೊಳ್ಳುವುದೂ ಇರುವುದಿಲ್ಲ. ಹೀಗೆ ಹೇಳುತ್ತ ಹೇಳುತ್ತ ನನ್ನ ಮುಖ ಅರಳಿತ್ತಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ಸುಮಂಗಲಾ ಪೆನ್ನನ್ನು ತೊಡೆಯ ಮೇಲೆ ಇಟ್ಟು ನನ್ನನ್ನೇ ನೋಡತೊಡಗಿದ್ದಳು. ನಾನು ನಿಲ್ಲಿಸಲಿಲ್ಲ.

ಮುಗಿಸಿದ ಮೇಲೆ ಹುಡುಗಿ ಕೂಡಲಿಲ್ಲ. "ಅದೆಲ್ಲಾ ನನಗ ಗೊತ್ತೈತ್ರಿ ಸರ್. ನಮ್ಮಪ್ಪ ಸರ್ಕಾರಿ ಹೈಸ್ಕೂಲಿನಾಗ ಜವಾನ ಅದಾರ್ರಿ. ಕಿಡ್ನಿ ಹೋಗ್ಯಾವ. ಗದಗಿಗೆ ಡಯಾಲಿಸಿಸ್‌ಗೆ ಬರ್ರಿ ಅಂದ್ರ ಬರವಲ್ರು. ಸರ್ವಿಸ್‌ನಾಗ ಇದ್ದಾಗ ಹೋದ್ರ ನಿನಗ ನೌಕರಿ ಸಿಗತೈತಿ, ಇದಕ್ಕಿಂತ ಹೆಚ್ಚಿಂದು ನಾ ಏನು ಕೊಡಾಕ ಆಗತೈತಿ ಅಂತಾರ್ರಿ" ಅಂದಳು. "ಅದಕ್ಕ ಕೇಳಿದೆ ಸರ್. ಆ ನೌಕರಿ ನನಗ ಸಿಗಂಗಿಲ್ಲ ಅಂತ ಹೇಳೋ ನಿಯಮ ಯಾವದರ ಐತೇನ್ರಿ? ಇದ್ರ ಹೇಳ್ರಿ. ಮನಿಗೆ ಹೋಗಿ ಅಪ್ಪಗ ಹೇಳತೇನಿ."

ನನ್ನ ಇಡೀ ಸೇವೆಯಲ್ಲಿ ನಿಯಮ ಕೇಳಿದವರಿಗೆ ನಿಯಮವಿಲ್ಲ ಎಂದವನಲ್ಲ ನಾನು. ಬೇಕಾದವರಿಗೆ ಬೇಕಾದ ನಿಯಮ, ಬೇಡದವರಿಗೆ ಬೇಡದ ನಿಯಮ ಹುಡುಕಿ ಕೊಟ್ಟಿದ್ದೇನೆ. ಆವತ್ತು ತಲೆಯಲ್ಲಿನ ಪುಸ್ತಕವನ್ನೆಲ್ಲ ತಿರುವಿದರೂ ಅಂಥ ನಿಯಮ ಒಂದೂ ಸಿಗಲಿಲ್ಲ. ನನ್ನ ಎದುರು ನಿಂತಿದ್ದವಳು ಆ ಡಂಬಳದ ಹುಡುಗಿಯೋ ಅಥವಾ ಮುಂದಿನ ಸಾಲಿನ ನನ್ನ ಮಗಳೋ ತಿಳಿಯದ ಹಾಗಾಯಿತು. ಆಗ ಸುಮಂಗಲಾ ಎದ್ದಳು. ಹಿಂದೆ ತಿರುಗಿ, "ಐತಿ ತಂಗಿ" ಅಂದಳು. "ಅರ್ಜಿ ಹಾಕಬೇಕಾದಾಕಿ ನೀನು. ನೀ ಹಾಕಲಿಲ್ಲ ಅಂದ್ರ ಯಾವ ಸರ್ಕಾರನೂ ನಿನ್ನ ಎಳಕೊಂಡು ಹೋಗಿ ನೌಕರಿ ಕೊಡಂಗಿಲ್ಲ. ಮನಿಗೆ ಹೋಗಿ ನಿಮ್ಮಪ್ಪಗ ಹೇಳು, ನೀ ಸತ್ರ ನಾ ಅರ್ಜಿ ಹಾಕಂಗಿಲ್ಲ ಅಂತ. ಆಣಿ ಮಾಡಿ ಹೇಳು." ಇಷ್ಟು ಹೇಳಿ ಅವಳು ತಿರುಗಿ ನನ್ನ ಕಡೆ ನೋಡಿದಳು. ಪ್ರಾಚಾರ್ಯರು ಗಡಿಬಿಡಿಯಿಂದ ಎದ್ದು ವಂದನಾರ್ಪಣೆ ಮಾಡಿದರು. ಶಾಲು ಹೊದಿಸಿದಾಗ ನನಗೆ ಸಾವಿನ ಮನೆಯಲ್ಲಿ ಹೆಣಕ್ಕೆ ಹೊದಿಸಿದ ಹಾಗೆ ಅನಿಸಿತು.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಅವಳು, ಪಕ್ಕದಲ್ಲಿ ನಾನು. ಬಸ್ಸು ಡಂಬಳಕ್ಕೆ ಬಂತು. ಕೆರೆಯ ಮೇಲೆ ಬಿಸಿಲು ಇಳಿಯುತ್ತಿತ್ತು, ಶಂಕ್ರಪ್ಪ ಬಿದ್ದ ಜಾಗ ಇದೇ ಎಂದು ತೋರಿಸಬೇಕೆಂದುಕೊಂಡೆ, ಸದ್ಯ, ತೋರಿಸಲಿಲ್ಲ.

"ಅಪ್ಪಾ, ಆಪರೇಷನ್ ಮೇ ಆದ ಮ್ಯಾಲ ಯಾಕ?"

"ಮಾರ್ಚ್ ಕೆಲಸ ಐತೆಲ್ಲವಾ."

"ಮಾರ್ಚಿಗೂ ಮೇಗೂ ನಡುವ ಏಪ್ರಿಲ್ ಅಂತ ಒಂದು ತಿಂಗಳು ಬರತೈತಿ."

"ಅದು... ರಜಾ ಸಿಗಂಗಿಲ್ಲ."

"ರಜಾ ಕೊಡಾಂವ ಯಾರು? ಆ ಫೈಲ್ ನಿನ್ನ ಟೇಬಲ್ಲಿಗೇ ಬರತೈತಿ, ಹೌದಿಲ್ಲೋ? ಎದೀನೋವಾದ್ರ ದಾಖಲೆ ಜಲ್ದಿ ಸಿಗತಾವ ಅಂತ ಆ ಹುಡುಗರಿಗೆ ಹೇಳಿದೆಲ್ಲ, ಆ ವಿಚಾರ ನಿನ್ನ ತಲ್ಯಾಗ ಯಾವಾಗ ಬಂತು? ಡಾಕ್ಟರ್ ಹೇಳೂಕಿಂತ ಮುಂಚೇನೋ, ಹೇಳಿದ ಮ್ಯಾಲೋ?"

ಲಕ್ಷ್ಮೇಶ್ವರದ ಕೋರ್ಟಿನಲ್ಲಿ ಇವಳು ಬರೀ ದಿನಾಂಕ ಕೇಳುತ್ತಾಳೆಂದು ನಾನು ತಿಳಿದಿದ್ದೆ. ಇಂಥ ಪಾಟೀಸವಾಲು ಯಾವಾಗ ಕಲಿತಳೋ! ನಾನು ತಲೆ ತಗ್ಗಿಸಿದೆ. ಅಷ್ಟು ಸಾಕಾಯಿತು ಅವಳಿಗೆ. ಅವಳ ಮುಖ ಕೆಂಪಾಯಿತು, ಆಮೇಲೆ ಬಸ್ಸಿನ ತುಂಬ ಜನ ಇದ್ದಾರೆಂಬುದನ್ನೂ ಮರೆತು ಬಿಕ್ಕಿ ಬಿಕ್ಕಿ ಅತ್ತಳು. "ನಾ ಅಷ್ಟು ಭಾರ ಆಗೇನೇನಪ್ಪಾ ನಿನಗ?" ಅಂದಳು. ನನಗೂ ತಡೆಯಲಾಗಲಿಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ಯಾರರ ಹೋಗ್ಯಾರೇನ್ರಿ ಪಾಪ?" ಎಂದು ಕೇಳಿದಳು. "ಇನ್ನೂ ಇಲ್ರಿ" ಎಂದು ಸುಮಂಗಲಾ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದು, "ಇಲ್ಲಿ ಕೇಳು. ನೀ ಸತ್ರ ನಾ ಆ ಅರ್ಜಿ ಬರಿಯಂಗಿಲ್ಲ. ಅವ್ವನ ಆಣಿ. ನಿನ್ನ ಸಾವು ದಂಡ ಆಗತೈತಿ. ಚಂದಾಗಿ ತಿಳಕೋ, ಪೂರಾ ದಂಡ" ಅಂದಳು.

ಅವಳ ಮಾತು ನನಗೆ ನಾಟಿತು. ಸಾಯುವುದಕ್ಕೆ ನಾನು ಹೆದರಿರಲಿಲ್ಲ, ದಂಡವಾಗಿ ಸಾಯುವುದಕ್ಕೆ ಹೆದರಿದೆ. ಮಾರ್ಚಿನಲ್ಲಿಯೇ ರಜೆ ಬರೆದೆ. "ಮಾರ್ಚ್‌ನಾಗ ರಜಾ ಹಾಕಿದ ಮೊದಲನೇ ಮನಶ್ಯಾ ನೀವ ನೋಡ್ರಿ. ಸತ್ತವರೂ ಏಪ್ರಿಲ್ ಮಟಾ ತಡೀತಿದ್ರು" ಎಂದು ನದಾಫ ಹಲ್ಲು ಕಿರಿದ, ಆಮೇಲೆ ಹುಬ್ಬಳ್ಳಿಯವರೆಗೆ ಬಂದು ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ದಿನವಿಡೀ ಕೂತ. ಸ್ಟೆಂಟ್ ಹಾಕಿದರು, ಬದುಕಿದೆ. ಮಗಳು ಅವ್ವನಿಗೆ ಎಲ್ಲ ಹೇಳಿದ್ದಳು. ಗಿರಿಜಾ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ, ಉಪ್ಪಿಲ್ಲದ ಅಡಿಗೆ ಮಾಡಿ ಮುಂದಿಟ್ಟು ಹೋಗುತ್ತಿದ್ದಳು. ಡಾಕ್ಟರು ಉಪ್ಪು ಬೇಡ ಅಂದಿದ್ದಕ್ಕೋ ಅಥವಾ ಸಿಟ್ಟಿಗೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮೇ ಬಂತು, ಹೋಯಿತು. ಬೀಳ್ಕೊಡುಗೆಯಲ್ಲಿ ಎಲ್ಲರೂ ನನಗೆ ದೀರ್ಘಾಯುಷ್ಯ ಕೋರಿದರು. ಮರುದಿನ ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡಾಗ ಒಂದು ವಿಚಿತ್ರ ಖಾಲಿತನ ಕಂಡಿತು. ನಿನ್ನೆಯವರೆಗೆ ನನ್ನ ಜೀವಕ್ಕೆ ಒಂದು ಹುದ್ದೆಯ ತೂಕವಿತ್ತು, ಇಂದಿನಿಂದ ಅದು ಬರೀ ಜೀವ. ವೀರಭದ್ರ ಶಿರಹಟ್ಟಿಯಿಂದ ಬಂದು ಹಾರ ಹಾಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂತೂ ಗಟ್ಟಿ ಆದ್ರಿ ಮಾಮಾ" ಅಂದ. ಶೇಂಗಾ ದರ ಬಿದ್ದ ದಿನ ಅವನ ಧ್ವನಿ ಹಾಗೇ ಇರುತ್ತದೆ. ಸುಮಂಗಲಾ ದಿನಾ ಬಸ್ಸು ಹತ್ತುತ್ತಿದ್ದಳು, ನಾನು ಅವಳ ಊಟದ ಡಬ್ಬಿ ಹಿಡಿದುಕೊಂಡು ಸ್ಟ್ಯಾಂಡಿನವರೆಗೆ ಹೋಗುತ್ತಿದ್ದೆ. ಒಮ್ಮೊಮ್ಮೆ ಅವಳ ಜೊತೆ ಲಕ್ಷ್ಮೇಶ್ವರಕ್ಕೇ ಹೋಗಿ, ಬರುವಾಗ ದಾರಿಯಲ್ಲಿನ ಮಾಗಡಿ ಕೆರೆಯ ದಂಡೆಗೆ ಕೂತು, ಎಲ್ಲಿಂದಲೋ ಬಂದ ಹಕ್ಕಿಗಳನ್ನು ನೋಡಿ ಬರುತ್ತಿದ್ದೆ. ನನ್ನಂತೆಯೇ ಅಲ್ಲಿ ಬಂದು ಕೂಡುವ ನಿವೃತ್ತರು ಇನ್ನೂ ಕೆಲವರಿದ್ದರು. ಹಕ್ಕಿಗಳ ಬಗ್ಗೆ ಮಾತು ಶುರುವಾಗಿ ಸಕ್ಕರೆ ಕಾಯಿಲೆಯಲ್ಲಿ ಮುಗಿಯುತ್ತಿತ್ತು.

ದೀಪಾವಳಿ ಮುಗಿದ ಮೇಲೆ ಒಂದು ರವಿವಾರ ಬಾಗಿಲಲ್ಲಿ ಕವಿತಾ ನಿಂತಿದ್ದಳು. ಆವತ್ತು ಸಭೆ ಮುಗಿದ ಮೇಲೆ ಸುಮಂಗಲಾ ಅವಳಿಗೆ ಫೋನ್ ನಂಬರು ಕೊಟ್ಟಿದ್ದಳಂತೆ. ಮುಖ ನೋಡಿದ ಕೂಡಲೇ ನನಗೆ ತಿಳಿಯಿತು, ಎಷ್ಟು ಮಂದಿಯ ಅಂಥ ಮುಖಗಳನ್ನು ನನ್ನ ಬೆಂಚಿನ ಮೇಲೆ ನೋಡಿಲ್ಲ! ಎಂದಿನಂತೆ ಮೊದಲು ನೀರು ಕೊಟ್ಟೆ. "ಆಣಿ ಮಾಡಿ ಹೇಳಿದ ಮ್ಯಾಲ ಅಪ್ಪ ದವಾಖಾನಿಗೆ ಬಂದ್ರಿ ಅಕ್ಕಾ" ಎಂದು ಅವಳು ಸುಮಂಗಲಾಳಿಗೆ ಹೇಳಿದಳು. "ವಾರಕ್ಕೆರಡು ಸಲ ಬರತಿದ್ರು. ಬಸ್ಸಿನಾಗ ನನ್ನ ಜೋಡಿ ಎಷ್ಟು ಮಾತಾಡಿದ್ರು ಗೊತ್ತೇನ್ರಿ, ಹುಟ್ಟಿದಾಗಿಂದ ಅಷ್ಟು ಮಾತಾಡಿದ್ದಿಲ್ಲ. ದೀಪಾವಳಿಗೆ ಇದ್ರು. ಆಮ್ಯಾಲ..." ಉಳಿದ ನೀರು ಕುಡಿದು ಲೋಟ ಕೆಳಗಿಟ್ಟಳು. "ಕಡೀಕೂ ಕೇಳಿದ್ರು, ಅರ್ಜಿ ಹಾಕಂಗಿಲ್ಲ ಹೌದಿಲ್ಲೋ ಅಂತ. ಹಾಕಂಗಿಲ್ಲಪ್ಪಾ ಅಂದೆ. ಈಗ ಮನ್ಯಾಗ ಅವ್ವ, ಇಬ್ಬರು ತಮ್ಮಂದಿರು. ಅವ್ವ ಹಾಕು ಅಂತಾಳ. ಸತ್ತವರಿಗೆ ಮಾಡಿದ ಆಣಿ ಹೆಂಗ ಮುರೀಲ್ರಿ?" ಅಂದಳು.

ನಾನು ಪದ್ಧತಿಯಂತೆ ನೆಲ ನೋಡಿದೆ. ಸರ್ವಿಸ್ ಎಷ್ಟು ಉಳದಿತ್ತು ಎಂದು ಕೇಳಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಸುಮಂಗಲಾ ಅವಳ ಪಕ್ಕ ಕೂತು ಭುಜದ ಮೇಲೆ ಕೈಯಿಟ್ಟಳು. "ಅರ್ಜಿ ಹಾಕು" ಅಂದಳು. "ಅದು ಅಪ್ಪನ್ನ ದವಾಖಾನಿಗೆ ಕರಕೊಂಡು ಹೋಗಾಕ ಮಾಡಿದ ಆಣಿ. ಅವರು ಬಂದ್ರು. ಆಣಿ ಕೆಲಸ ಅಲ್ಲಿಗೇ ಮುಗೀತು. ಇದನ್ನ ಅವರು ಸತ್ತು ಕೊಟ್ಟದ್ದು ಅಂತ ತಿಳೀಬ್ಯಾಡ. ಬದುಕಾಕ ಹೆಣಗಿ ಹೆಣಗಿ ಹೋಗ್ಯಾರ. ನೀನೂ ಬದುಕಬೇಕು." ಕವಿತಾ ಆಗ ಅತ್ತಳು. ಒಳಗಿನಿಂದ ಗಿರಿಜಾ ಬಂದು ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ನಾನು ಕನ್ನಡಕ ಹಾಕಿಕೊಂಡು ಬಿಳಿ ಹಾಳೆ ತೆಗೆದು ಅರ್ಜಿ ಬರೆಯತೊಡಗಿದೆ. ನನ್ನ ಸೇವೆಯಲ್ಲಿ ಅಷ್ಟು ಚಂದದ ಅರ್ಜಿಯನ್ನು ನಾನು ಬರೆದಿಲ್ಲ. 'ಸೇವೆಯಲ್ಲಿರುವಾಗಲೇ' ಎಂಬಲ್ಲಿ ಮಾತ್ರ ಕಾಗುಣಿತ ತಪ್ಪಿ ಹಾಳೆ ಬದಲಿಸಬೇಕಾಯಿತು. ಹೊರಡುವಾಗ ಕವಿತಾ, "ನೌಕರಿ ಸಿಕ್ಕ ಮ್ಯಾಲ ನಿಮ್ಮಂಗ ಕಾಯ್ದೆ ಓದತೇನ್ರಿ ಅಕ್ಕಾ" ಅಂದಳು. ನಾನು ಬಾಯಿ ತಡೆಯಲಾರದೆ, "ಅದಕ್ಕ ಇಲಾಖೆ ಅನುಮತಿ ತಗೋಬೇಕಾಗತೈತವಾ" ಅಂದೆ. ಮೂವರೂ ಹೆಂಗಸರು ನನ್ನನ್ನು ನೋಡಿದರು.

ಮರುದಿನ ಬೆಳಿಗ್ಗೆ ಸುಮಂಗಲಾ ಕೋಟಿಗೆ ಇಸ್ತ್ರಿ ಮಾಡುತ್ತಿದ್ದಳು. ನನ್ನ ತಲೆಯಲ್ಲಿ ಹಿಂದಿನ ದಿನದಿಂದ ಒಂದು ಹುಳ ಕೊರೆಯುತ್ತಿತ್ತು. ಹತ್ತಿರ ಹೋಗಿ ನಿಂತೆ.

"ಹಂಗಾರ ನೀ ಬಸ್ಸಿನಾಗ ಮಾಡಿದ್ದೆಲ್ಲ, ಅವ್ವನ ಆಣಿ, ಅದೂ ದವಾಖಾನಿಗೆ ಕಳಸಾಕ ಮಾಡಿದ್ದ ಏನು? ನಾ ಸತ್ತಿದ್ರ ನೀ ಅರ್ಜಿ ಹಾಕತಿದ್ದೆ?"

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೋಟಿನ ಕೊರಳಪಟ್ಟಿಯನ್ನು ಸರಿಪಡಿಸಿ, ನನ್ನ ಬೆಳಗಿನ ಗುಳಿಗೆಯನ್ನೂ ನೀರಿನ ಲೋಟವನ್ನೂ ಕೈಗೆ ಕೊಟ್ಟಳು. "ಅಪ್ಪಾ, ಅದು ಬಹಳ ಮಹತ್ವದ ಪ್ರಶ್ನೆ. ವಿಚಾರ ಮಾಡಿ ಹೇಳಬೇಕಾಗತೈತಿ. ಮುಂದಿನ ದಿನಾಂಕ ಕೊಡತೇನಿ" ಅಂದು ಬಸ್ಸಿಗೆ ಓಡಿದಳು.

ಅಂದಿನಿಂದ ನಾನು ಕೇಳುತ್ತಲೇ ಇದ್ದೇನೆ, ಅವಳು ದಿನಾಂಕ ಕೊಡುತ್ತಲೇ ಇದ್ದಾಳೆ. ಒಮ್ಮೆ ಯುಗಾದಿಗೆ ಅಂದಳು, ಯುಗಾದಿ ಬಂದಾಗ ಶ್ರಾವಣಕ್ಕೆ ಅಂದಳು. ಹಾಕುತ್ತಿದ್ದಳೆಂದರೆ ನನ್ನ ಲೆಕ್ಕ ಸರಿಯಿತ್ತು, ಹಾಕುತ್ತಿರಲಿಲ್ಲವೆಂದರೆ ನನ್ನ ಮಗಳು ನಾನು ತಿಳಿದದ್ದಕ್ಕಿಂತ ದೊಡ್ಡವಳು. ಎರಡರಲ್ಲಿ ಯಾವುದು ಎಂದು ತಿಳಿಯದೆ ಸಾಯಲು ನನಗೆ ಮನಸ್ಸಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಯಾರೂ ಹೇಳದೆ ಗುಳಿಗೆ ನುಂಗಿ, ಅವಳ ಡಬ್ಬಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದೇನೆ.